ವರ ಯಾವುದು, ಕಟ್ಟಳೆ ಯಾವುದು: ದೇವರ ಸಿನಿಮಾ ನೋಡುವ ಬಗೆ

ಉಡುಪಿಯಲ್ಲಿ ನನ್ನದು ವೇಷ ಬಾಡಿಗೆಗೆ ಕೊಡುವ ಅಂಗಡಿ. ಶಾಲೆಯ ವಾರ್ಷಿಕೋತ್ಸವ, ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆ, ಊರಿನ ನಾಟಕ, ಎಲ್ಲದಕ್ಕೂ ಕಿರೀಟ, ಡಾಬು, ಜರಿ ಪಂಚೆ ನನ್ನಲ್ಲಿ ಸಿಗುತ್ತದೆ. ಹಾಗಾಗಿ ದೇವರ ಸಿನಿಮಾ, ಮಾಯಾಮಂತ್ರದ ಸಿನಿಮಾ ಯಾವುದು ಬಂದರೂ ಬಿಡುವುದಿಲ್ಲ. ಅಂಗಡಿಗೆ ಬಂದವರು "ಅಕ್ಕ, ಆ ಪಿಕ್ಚರ್ ಹೇಗುಂಟು? ಹೋಗಬಹುದಾ?" ಅಂತ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಕತೆಯಲ್ಲಿ ವರ ಯಾವುದು ಅಂತ ಹುಡುಕಿ. ನನ್ನ ಮಟ್ಟಿಗೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಹಿರಣ್ಯಕಶಿಪುವನ್ನೇ ನೋಡಿ. ಹಗಲೂ ಸಾಯಬಾರದು, ರಾತ್ರಿಯೂ ಸಾಯಬಾರದು. ಒಳಗೂ ಅಲ್ಲ, ಹೊರಗೂ ಅಲ್ಲ. ಮನುಷ್ಯನಿಂದಲೂ ಅಲ್ಲ, ಮೃಗದಿಂದಲೂ ಅಲ್ಲ. ನೆಲದ ಮೇಲೂ ಬೇಡ, ಆಕಾಶದಲ್ಲೂ ಬೇಡ, ಆಯುಧವಂತೂ ಬೇಡವೇ ಬೇಡ. ಇಷ್ಟು ಬಿಗಿ ಮಾಡಿಟ್ಟ ಮೇಲೆ ನರಸಿಂಹ ಬರುತ್ತಾನೆ. ಮುಸ್ಸಂಜೆ ಹೊತ್ತು, ಹೊಸಿಲಲ್ಲಿ ಕೂತು, ತೊಡೆಯ ಮೇಲೆ ಹಾಕಿಕೊಂಡು, ಉಗುರಿನಿಂದ. ದೇವರೇ ಆದರೂ ವರವನ್ನು ಮುರಿಯಲಿಲ್ಲ, ಅದರ ಸಂದಿಯಲ್ಲೇ ದಾರಿ ಮಾಡಿಕೊಂಡ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಪುಟ್ಟ ಹುಡುಗ ಪುನೀತ್ ಪ್ರಹ್ಲಾದ. ಕೊನೆಗೆ ಏನಾಗುತ್ತದೆ ಅಂತ ನೋಡುವವರಿಗೆಲ್ಲ ಮೊದಲೇ ಗೊತ್ತು. ಆದರೂ ಕಂಬದ ಮುಂದೆ ಅಪ್ಪ ಮಗ ನಿಂತರೆ ಎದೆ ಡವಡವ ಅನ್ನುತ್ತದೆ, ಅಲ್ವಾ?

ಈಗಿನ ಎಷ್ಟೋ ಚಿತ್ರಗಳಲ್ಲಿ ಹೀರೋ ಕಣ್ಣು ಮುಚ್ಚಿ ತೆರೆಯುತ್ತಾನೆ, ನೀಲಿ ಬೆಳಕು ಬರುತ್ತದೆ, ಐವತ್ತು ಜನ ಹಾರಿ ಬೀಳುತ್ತಾರೆ. ಇವನ ಕೈಯಲ್ಲಿ ಆಗದ್ದು ಯಾವುದು ಅಂತ ಯಾರೂ ಹೇಳುವುದಿಲ್ಲ. ಎಲ್ಲವೂ ಆಗುವುದಾದರೆ ನಾವು ಹೆದರುವುದು ಯಾತಕ್ಕೆ? ಇಂಟರ್ವಲ್‌ಗೆ ಎದ್ದಾಗ ಪಕ್ಕದಲ್ಲಿ ಕೂತವರನ್ನು ಕೇಳಿ ನೋಡಿ: "ಈ ಶಕ್ತಿಯ ಮಿತಿ ಎಂತದು?" ಉತ್ತರ ಸಿಗದಿದ್ದರೆ ಉಳಿದರ್ಧ ಬರೀ ಪಟಾಕಿ. ಪಟಾಕಿ ನೋಡುವ ಆಸೆ ಇದ್ದರೆ ಕೂತುಕೊಳ್ಳಿ, ಅದೇನೂ ತಪ್ಪಲ್ಲ.

ಪವಾಡಕ್ಕೆ ಮುಂಚೆ ಭಕ್ತನನ್ನು ಎಷ್ಟು ಕಾಯಿಸುತ್ತಾರೆ, ಅದನ್ನೂ ಗಮನಿಸಿ. ರಥಬೀದಿಗೆ ಹೋದಾಗಲೆಲ್ಲ ಕನಕನ ಕಿಂಡಿ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1960ರ 'ಭಕ್ತ ಕನಕದಾಸ'ದಲ್ಲಿ ಬಾಗಿಲು ತೆರೆ ಅಂತ ಬೇಡುವ ಹಾಡು ಪಿ.ಬಿ. ಶ್ರೀನಿವಾಸ್ ದನಿಯಲ್ಲಿದೆ. ಆ ಬೇಡಿಕೆ ಮನಸ್ಸಿಗೆ ಇಳಿದ ಮೇಲೆ ಗೋಡೆ ಬಿರುಕು ಬಿಟ್ಟರೆ ನಂಬುತ್ತೇವೆ. ಕೈ ಮುಗಿದ ಕೂಡಲೇ ಗಂಟೆ ತಾನಾಗಿ ಬಾರಿಸಿದರೆ ನಂಬುವುದಿಲ್ಲ.

ರಕ್ಕಸ ಯಾವಾಗ ಕಾಣಿಸಿದ? ಇದನ್ನು ಕಲಿಯಲು ಸಿನಿಮಾ ಬೇಡ, ಒಂದು ಯಕ್ಷಗಾನದ ಆಟಕ್ಕೆ ಹೋಗಿ. ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ ಯಕ್ಷಗಾನದ, ಬಣ್ಣದ ವೇಷ (ರಕ್ಕಸನ ಪಾತ್ರ) ಬರುವ ಹೊತ್ತಿಗೆ ನಿದ್ದೆಗಣ್ಣಲ್ಲಿ ಇರಬೇಡಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಜೋರಾಗುತ್ತದೆ. ಮೊದಲು ಕಾಣುವುದು ಕಿರೀಟದ ತುದಿ ಮಾತ್ರ. ಆಮೇಲೆ ತೆರೆಯ ಅಂಚಿಗೆ ಬೆರಳು. ಹಿಂದಿನಿಂದ ಒಂದು ಅಬ್ಬರ. ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಭುಗ್ಗೆಂದು ಬೆಂಕಿ ಏಳುತ್ತದೆ. ತೆರೆ ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಉಬ್ಬಿ ನಿಲ್ಲುವ ಹಾಗೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖವನ್ನು ಅಷ್ಟು ಸುಲಭಕ್ಕೆ ತೋರಿಸಲಿಕ್ಕುಂಟಾ? ಕೋಟಿಗಟ್ಟಲೆ ಸುರಿದು ಮಾಡಿದ ರಕ್ಕಸನನ್ನು ಮೊದಲ ಹತ್ತು ನಿಮಿಷದಲ್ಲೇ, ಅದೂ ಹಗಲು ಬೆಳಕಲ್ಲಿ, ನಿಲ್ಲಿಸಿಬಿಡುವ ನಿರ್ದೇಶಕರನ್ನು ಒಂದು ರಾತ್ರಿ ಗದ್ದೆಯಲ್ಲಿ ಕೂರಿಸಬೇಕು.

ಗ್ರಾಫಿಕ್ಸ್ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಬಟ್ಟೆ ನೋಡುತ್ತೇನೆ. ಕಾಡಿನಲ್ಲಿ ಹನ್ನೆರಡು ವರ್ಷ ತಪಸ್ಸು ಮಾಡಿದವನ ಕಾವಿಯಲ್ಲಿ ಅಂಗಡಿಯ ಮಡಿಕೆ ಗೀರು ಹಾಗೇ ಉಂಟಾ? ಕಿರೀಟ ಇಟ್ಟವನು ತಲೆ ತಿರುಗಿಸಿದರೆ ಕಿರೀಟವೂ ಜೊತೆಗೆ ತಿರುಗಬೇಕು, ಒಂದು ಗಳಿಗೆ ತಡವಾದರೆ ಅದು ಹಗುರದ ಫೋಮ್. ನಿಜವಾಗಿ ಭಾರ ಹೊತ್ತವನ ಕುತ್ತಿಗೆಯ ನರ ಬೇರೆಯೇ ಕಾಣುತ್ತದೆ. ಇನ್ನೊಂದು ಸುಲಭ ಉಪಾಯ: ಮಾಯೆ ನಡೆಯುವಾಗ ಮಾಯೆ ನೋಡಬೇಡಿ, ಪಕ್ಕದಲ್ಲಿ ನಿಂತ ಚಿಕ್ಕ ನಟರ ಕಣ್ಣು ನೋಡಿ. ಎಲ್ಲರೂ ಒಂದೊಂದು ದಿಕ್ಕಿಗೆ ನೋಡುತ್ತಿದ್ದರೆ ಅಲ್ಲಿ ಎಂತದೂ ಇರಲಿಲ್ಲ, ಬರೀ ಹಸಿರು ಪರದೆ. 1957ರ ತೆಲುಗು 'ಮಾಯಾಬಜಾರ್'ನಲ್ಲಿ ಎಸ್.ವಿ. ರಂಗರಾವ್ ಅವರ ಘಟೋತ್ಕಚನ ಬಾಯಿಗೆ ಲಾಡು ತಾನಾಗಿ ಬಂದು ಬೀಳುತ್ತದೆ. ಆಗ ಕಂಪ್ಯೂಟರ್ ಎಲ್ಲಿತ್ತು? ಆದರೆ ಆ ಮನುಷ್ಯನ ಮುಖದಲ್ಲಿ ಹಸಿವಿದೆ, ಖುಷಿಯಿದೆ. ಅಷ್ಟೇ ಸಾಕು.

ಇನ್ನು ದೈವದ ಸಿನಿಮಾ, ಅಂದರೆ ನಮ್ಮ ತುಳುನಾಡಿನಲ್ಲಿ ಆರಾಧಿಸುವ ದೈವಗಳ ಕತೆ. ಇದಕ್ಕೆ ಬೇರೆ ತಯಾರಿ ಬೇಕು. ಹೊರಗಿನ ಊರಿನವರಾದರೆ ಮೊದಲು ಒಂದು ಕೋಲ, ಅಂದರೆ ದೈವಕ್ಕೆ ನಡೆಸುವ ಸೇವೆ, ನೋಡಿ ಬನ್ನಿ. ವೇಷ ಕಟ್ಟುವವರಿಗೆ ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಕೊಡುವುದು, ಮುಖಕ್ಕೆ ಬಣ್ಣ, ತೆಂಗಿನ ಗರಿಯ ಸಿರಿ, ಬೆನ್ನಿಗೆ ಅಣಿ ಎಂಬ ದೊಡ್ಡ ಅಲಂಕಾರ, ಕಾಲಿಗೆ ಗಗ್ಗರ ಎಂಬ ಗೆಜ್ಜೆ, ಹಿನ್ನೆಲೆಯಲ್ಲಿ ತೆಂಬರೆ ಎಂಬ ವಾದ್ಯ ಮತ್ತು ದೈವದ ಕತೆ ಹೇಳುವ ಪಾಡ್ದನ. ಪ್ರತಿಯೊಂದಕ್ಕೂ ಕ್ರಮ ಉಂಟು, ಕಟ್ಟಳೆ ಉಂಟು. ಇಂತಿಂಥ ಕುಟುಂಬದವರೇ ಮಾಡಬೇಕು ಅಂತ ಉಂಟು. ಅದನ್ನು ನೋಡಿದ ಮೇಲೆ 2022ರ 'ಕಾಂತಾರ' ನೋಡಿದರೆ ಎಲ್ಲಿ ನಮ್ಮ ನೆಲ, ಎಲ್ಲಿ ಸಿನಿಮಾದ ಒಗ್ಗರಣೆ ಅಂತ ತಾನಾಗಿ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅದರಲ್ಲಿ ಗೆದ್ದದ್ದು ಪಂಜುರ್ಲಿ, ಗುಳಿಗ ಎಂಬ ದೈವಗಳು ಮಾತ್ರವಲ್ಲ. ದೈವಕ್ಕೆ ಕೊಟ್ಟ ಮಾತು, ಆ ಮಾತಿಗೆ ಕಟ್ಟಿದ ಭೂಮಿ. ಅಲ್ಲೂ ಕತೆ ನಿಂತದ್ದು ಕಟ್ಟಳೆಯ ಮೇಲೆಯೇ.

ಆದರೆ ಸಿನಿಮಾ ಬಿಟ್ಟ ಮೇಲೆ ದೈವವನ್ನು ಅನುಕರಣೆ ಮಾಡಬೇಡಿ. ಚಿತ್ರಮಂದಿರದಲ್ಲಿ ಕೂಗುವುದು, ಮೈಮೇಲೆ ಬಂದ ಹಾಗೆ ಕುಣಿಯುವುದು, ರೀಲ್ಸ್ ಮಾಡುವುದು ಬೇಡ. 2025ರಲ್ಲಿ 'ಕಾಂತಾರ'ದ ಎರಡನೇ ಚಿತ್ರ ಬಂದಾಗ ತಯಾರಕರೇ ಹಾಗೆ ಮಾಡಬೇಡಿ ಅಂತ ಕೇಳಿಕೊಂಡಿದ್ದರು. ನನ್ನ ಅಂಗಡಿಗೂ "ಮಗುವಿಗೆ ಪಂಜುರ್ಲಿ ಸೆಟ್ ಉಂಟಾ? ಫ್ಯಾನ್ಸಿ ಡ್ರೆಸ್‌ಗೆ" ಅಂತ ಬರುತ್ತಾರೆ. ಇಲ್ಲ, ಇಡುವುದೂ ಇಲ್ಲ. ಹುಲಿವೇಷ ಕೊಡುತ್ತೇನೆ, ಕೃಷ್ಣ ಕೊಡುತ್ತೇನೆ, ಬೇಕಾದರೆ ಶೂರ್ಪನಖಿ ಕೊಡುತ್ತೇನೆ. ಬಾಡಿಗೆ ಹೋದರೆ ಹೋಗಲಿ ಮಾರಾಯ್ರೆ.

ಮನೆಯವರ ಜೊತೆ ನೋಡುವುದು ಇನ್ನೊಂದು ವಿದ್ಯೆ. ನನ್ನ ಅತ್ತೆ ಪರದೆಯಲ್ಲಿ ದೇವರು ಕಂಡ ಕೂಡಲೇ ಚಪ್ಪಲಿ ಕಳಚಿ ಕೈ ಮುಗಿಯುತ್ತಾರೆ. ಅವರ ಪಕ್ಕದಲ್ಲಿ ಕೂತು "ಗ್ರಾಫಿಕ್ಸ್ ಕಳಪೆ" ಅನ್ನಬಾರದು. ಮನೆಗೆ ಬಂದು, ಊಟ ಆದ ಮೇಲೆ, "ಅತ್ತೆ, ಆ ಹೆಣ್ಣಿಗೆ ಶಾಪ ಕೊಟ್ಟದ್ದು ನ್ಯಾಯವಾ?" ಅಂತ ಶುರು ಮಾಡಬೇಕು. ಸಿನಿಮಾ ಚೆನ್ನಾಗಿಲ್ಲ ಅಂದರೆ ದೇವರು ಚೆನ್ನಾಗಿಲ್ಲ ಅಂತ ಅಲ್ಲ. ಇದನ್ನು ನೇರ ಹೇಳಿದರೆ ಜಗಳ, ಕತೆಯ ಮೂಲಕ ಹೇಳಿದರೆ ಅವರೇ ನನಗಿಂತ ಮುಂದೆ ಹೋಗುತ್ತಾರೆ. "ಆ ಋಷಿಗೆ ಕೋಪ ಜಾಸ್ತಿ ಆಯ್ತು" ಅಂತ ಅವರೇ ಅಂದುಬಿಡುತ್ತಾರೆ.

ಈ ಅಳತೆ ಎಲ್ಲ ಧರ್ಮದ ಚಿತ್ರಕ್ಕೂ ಆಗುತ್ತದೆ. ನನಗೆ ಬ್ಲೌಸ್ ಹೊಲಿದುಕೊಡುವ ಬಾಯಮ್ಮ ಪ್ರತಿ ಗುಡ್ ಫ್ರೈಡೆಗೆ ಏಸುವಿನ ಚಿತ್ರ ನೋಡುತ್ತಾರೆ. ಚಾಟಿ ಏಟನ್ನೇ ಉದ್ದಕ್ಕೆ ಎಳೆದರೆ ಅವರಿಗೆ ಆಗುವುದಿಲ್ಲ. "ರಕ್ತ ನೋಡಿ ಅಳು ಬರುತ್ತದೆ, ಭಕ್ತಿ ಬರುವುದಿಲ್ಲ" ಅನ್ನುತ್ತಾರೆ. ನನಗಿಂತ ಚೆನ್ನಾಗಿ ಹೇಳಿದರು.

ದೇವರ ಸಿನಿಮಾ ಅಂದ ಕೂಡಲೇ ಮಕ್ಕಳಿಗೆ ಒಳ್ಳೆಯದು ಅಂತ ಸುಮ್ನೆ ಕರೆದುಕೊಂಡು ಹೋಗಬೇಡಿ. ಕರುಳು ಬಗೆಯುವ ದೃಶ್ಯ ಪುರಾಣದಲ್ಲೂ ಉಂಟಲ್ಲ. 2024ರ ಕೊನೆಯಿಂದ, ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕು ಅನ್ನುವ ಯುಎ ಸರ್ಟಿಫಿಕೇಟನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಟಿಕೆಟ್ ಮಾಡುವಾಗ ಅದನ್ನು ನೋಡಿ. ಸಣ್ಣವರಿದ್ದರೆ ಸ್ಪೀಕರ್ ಪಕ್ಕದ ಸೀಟು ಬೇಡ, ದಾರಿಯ ಬದಿಯ ಸೀಟು ಹಿಡಿಯಿರಿ. ಹೆದರಿದರೆ ಎದ್ದು ಹೊರಗೆ ಬನ್ನಿ, ದುಡ್ಡು ಹೋಯಿತು ಅಂತ ಕೂರಿಸಬೇಡಿ.