ಬೆಣ್ಣೆದೋಸೆಯ ಮೇಜಿನ ಬಳಿ ನಾಣ್ಯದ ಜಾದೂ: ನನ್ನ ಅನುಭವ

ದಾವಣಗೆರೆಯ ಹೋಟೆಲೊಂದರಲ್ಲಿ ಸಂಜೆಯ ವೇಳೆ ಗ್ರಾಹಕರ ಮೇಜಿನ ಬಳಿ ನಿಂತು ಜಾದೂ ತೋರಿಸಲು ಆರಂಭಿಸಿದಾಗ, ಮನೆಯಲ್ಲಿ ಕನ್ನಡಿಯ ಮುಂದೆ ತಿಂಗಳುಗಟ್ಟಲೆ ತಿದ್ದಿಕೊಂಡಿದ್ದ ಇಸ್ಪೀಟೆಲೆಯ ಆಟಗಳು ಕೈಕೊಟ್ಟವು. ಬೆಣ್ಣೆದೋಸೆ ತಿನ್ನುತ್ತಿದ್ದವರು ಒಂದೆರಡು ಎಲೆ ಮುಟ್ಟಿದರೂ ಸಾಕು, ಅವು ಪಕ್ಕದವಕ್ಕೆ ಅಂಟಿಕೊಂಡು, 52 ಎಲೆಗಳ ಕಟ್ಟನ್ನು ಬೀಸಣಿಗೆಯಂತೆ ಬಿಡಿಸುವುದೇ ಅಸಾಧ್ಯವಾಗುತ್ತಿತ್ತು. ತಟ್ಟೆ, ಚಟ್ನಿ, ಪಲ್ಯದ ನಡುವೆ ಎಲೆ ಹರಡಲು ಜಾಗವೂ ಇರಲಿಲ್ಲ.

ಆದ್ದರಿಂದ ಕೈಯಲ್ಲೇ ಮುಗಿಯುವ ನಾಣ್ಯದ ಆಟವನ್ನು, ಅಂದರೆ ನಾಣ್ಯವನ್ನು ಇನ್ನೊಂದು ಕೈಗೆ ಹಾಕಿದಂತೆ ತೋರಿಸಿ ಮಾಯ ಮಾಡುವುದನ್ನು, ಆರಿಸಿಕೊಂಡೆ. 27 ಮಿಲಿಮೀಟರ್ ವ್ಯಾಸದ 10 ರೂಪಾಯಿಯ ನಾಣ್ಯವನ್ನು ಅಂಗೈಯಲ್ಲಿ, ಹೆಬ್ಬೆರಳಿನ ಬುಡದ ಉಬ್ಬಿಗೂ ಎದುರಿನ ಅಂಚಿಗೂ ನಡುವೆ ಒತ್ತಿ ಹಿಡಿದರೆ ಬೆರಳುಗಳು ಸಡಿಲವಾಗಿ ಚಾಚಿರಬಹುದು. ಆದರೆ ಮೊದಲ ವಾರವೇ ನನ್ನ ಪಕ್ಕದಲ್ಲಿ ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳು, "ಅಣ್ಣಾ, ಅದು ಆ ಕೈಯಾಗೇ ಐತಿ" ಎಂದಳು. ತಪ್ಪು ನಾಣ್ಯದ್ದಲ್ಲ, ನಾನು ನಿಲ್ಲುವ ಜಾಗದ್ದು ಎಂದು ಆಗ ಅರಿವಾಯಿತು. ಅಂದಿನಿಂದ ಎಲ್ಲರೂ ಎದುರಿಗೇ ಇರುವಂತೆ ಮೇಜಿನ ಮೂಲೆಯಲ್ಲಿ, ಗೋಡೆಗೆ ಬೆನ್ನು ಮಾಡಿ ನಿಂತು, ನಾಣ್ಯ ಅಡಗಿಸಿದ ಕೈಯ ಹಿಂಬದಿಯನ್ನು ಅವರತ್ತ ತಿರುಗಿಸುತ್ತೇನೆ. ನನ್ನ ದೃಷ್ಟಿಯನ್ನು ಮಾತ್ರ ಬರಿಗೈಯ ಮೇಲೆಯೇ ಇಡುತ್ತೇನೆ, ಏಕೆಂದರೆ ನೋಡುವವರ ಕಣ್ಣು ನನ್ನ ಕಣ್ಣನ್ನೇ ಹಿಂಬಾಲಿಸುತ್ತದೆ. ನಾಣ್ಯ ಅಡಗಿಸಿಕೊಂಡೇ ಮನೆಯಲ್ಲಿ ಬಾಗಿಲು ತೆರೆದು, ನೀರಿನ ಲೋಟ ಎತ್ತಿ ಅಭ್ಯಾಸ ಮಾಡಿದ ಮೇಲೆ ಕೈಯ ಬಿಗಿತವೂ ಹೋಯಿತು.

ಈಗ ಆರ್ಡರ್ ಕೊಟ್ಟು ದೋಸೆ ಬರುವವರೆಗಿನ ಹೊತ್ತಿನಲ್ಲಷ್ಟೇ ಮೇಜಿನ ಬಳಿಗೆ ಹೋಗುತ್ತೇನೆ.