ಮಲಗಿಸಿದರೆ ಅಳು, ಹೆಗಲಿಗೆ ಹಾಕಿದರೆ ಸುಮ್ಮನೆ

ನಮ್ಮ ಮನೆ ಉಡುಪಿಯ ಅಂಬಲಪಾಡಿ ಹತ್ತಿರ. ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ. ಮಗನಿಗೆ ಆಗ 11 ತಿಂಗಳು. ನಾಲ್ಕೈದು ದಿನದಿಂದ ಶೀತ ಇತ್ತು, ಮೂಗು ಸುರಿಯುತ್ತಿತ್ತು. ಅವತ್ತು ರಾತ್ರಿ ಒಂದು ಗಂಟೆಗೆ ಎದ್ದು ಕಿರುಚಲು ಶುರು ಮಾಡಿದ. ಹೆಗಲಿಗೆ ಹಾಕಿಕೊಂಡು ಓಡಾಡಿದರೆ ಸುಮ್ಮನಾಗುತ್ತಿದ್ದ. ತೊಟ್ಟಿಲಲ್ಲಿ ಮಲಗಿಸಿದ ಕೂಡಲೇ ಮತ್ತೆ ಅಳು. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿದ್ದ.

ನಾನು ಹೊಟ್ಟೆನೋವು ಅಂದುಕೊಂಡೆ. ಅತ್ತೆ ಮಾತ್ರ, "ಹೊಟ್ಟೆಯದ್ದಲ್ಲ ಇದು, ಕಿವಿ ನೋವು" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆಮೇಲೆ ನಾವಿಬ್ಬರೂ ಸೇರಿ ಮಾಡಿದ್ದು ತಪ್ಪಾಯಿತು. ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಎರಡು ಹನಿ ಕಿವಿಗೆ ಬಿಟ್ಟೆವು. ನನಗೆ ಚಿಕ್ಕಂದಿನಲ್ಲಿ ಅಮ್ಮ ಹಾಗೇ ಮಾಡುತ್ತಿದ್ದರು. ಬೆಳಿಗ್ಗೆ ಮಕ್ಕಳ ಡಾಕ್ಟರ್ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರೆ ಎಣ್ಣೆ ಬಿಟ್ಟು ಬೇರೇನೂ ಕಾಣಲಿಲ್ಲ. ಮೊದಲೇ ನೋಯುವ ಕಿವಿ, ಅದನ್ನು ಒರೆಸಿ ಸ್ವಚ್ಛ ಮಾಡುವಾಗ ಅವನು ಅತ್ತಿದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಡಾಕ್ಟರ್ ಒಂದು ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ಕಿವಿಯ ತಮಟೆಯ ಹಿಂದೆ ಒಂದು ಸಣ್ಣ ಜಾಗ ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಕೊಳವೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೇ ಇರುತ್ತದೆ. ಶೀತ ಬಂದಾಗ ಅದು ಊದಿ ಮುಚ್ಚಿಕೊಳ್ಳುತ್ತದೆ, ತಮಟೆಯ ಹಿಂದೆ ನೀರು ನಿಲ್ಲುತ್ತದೆ, ಆ ನೀರಿಗೆ ಸೋಂಕು ತಗಲುತ್ತದೆ. ಮಲಗಿದರೆ ಒತ್ತಡ ಇನ್ನೂ ಜಾಸ್ತಿ. ನನ್ನ ಮಗ ಹೆಗಲ ಮೇಲೆ ಮಾತ್ರ ಸುಮ್ಮನಿದ್ದದ್ದು ಅದಕ್ಕೇ. ರೋಗ ಇರುವುದು ತಮಟೆಯ ಆಚೆ. ಈಚೆ ಎಣ್ಣೆ ಬಿಟ್ಟರೆ ಅದು ಅಲ್ಲಿಗೆ ಹೋಗುವುದೇ ಇಲ್ಲ. ತಮಟೆಯಲ್ಲಿ ತೂತಾಗಿದ್ದರೆ ಹೋಗುತ್ತದೆ, ಆಗ ತೊಂದರೆ ಇನ್ನೂ ದೊಡ್ಡದು. ಅವತ್ತಿನಿಂದ ನಮ್ಮ ಮನೆಯಲ್ಲಿ ಕಿವಿಗೆ ಎಣ್ಣೆ ನಿಂತಿತು. ಮಗುವನ್ನು ಮೀಯಿಸಲು ಬರುತ್ತಿದ್ದ ಅಕ್ಕನಿಗೂ, "ತಲೆಗೆ, ಮೈಗೆ ಎಷ್ಟು ಬೇಕಾದರೂ ಎಣ್ಣೆ ಹಚ್ಚಿ, ಕಿವಿಗೆ ಮೂಗಿಗೆ ಮಾತ್ರ ಬೇಡ" ಎಂದೆ. ಅವರಿಗೆ ಮೊದಲು ಬೇಸರವಾಯಿತು. ಆ ಚಿತ್ರ ತೋರಿಸಿದ ಮೇಲೆ ಒಪ್ಪಿದರು.

ಎರಡನೇ ಸಲ ಬಂದದ್ದು ಅಕ್ಟೋಬರಿನಲ್ಲಿ. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಹಳದಿ ಕಲೆ, ಕಿವಿ ಸೋರುತ್ತಿದೆ. ಮಗ ಮಾತ್ರ ಆರಾಮಾಗಿ ಆಡುತ್ತಿದ್ದ. ನೋವು ಹೋಯಿತಲ್ಲ, ವಾಸಿಯಾಯಿತು ಎಂದುಕೊಂಡೆ. ನಿಜವಾಗಿ ತಮಟೆ ಒಡೆದು ಕೀವು ಹೊರಗೆ ಬಂದಿತ್ತು, ಅದಕ್ಕೇ ನೋವು ಇಳಿದಿತ್ತು. ಅಂಥ ತೂತು ಹೆಚ್ಚಾಗಿ ಕೆಲವು ವಾರದಲ್ಲಿ ತಾನೇ ಮುಚ್ಚುತ್ತದೆ. ಆದರೆ ಮುಚ್ಚಿದೆ ಅಂತ ಡಾಕ್ಟರ್ ನೋಡಿ ಹೇಳುವ ತನಕ ಕಿವಿಗೆ ನೀರು ಹೋಗಬಾರದು. ಮೀಯಿಸುವಾಗ ವ್ಯಾಸಲಿನ್ ಹಚ್ಚಿದ ಹತ್ತಿಯನ್ನು ಕಿವಿಯ ಬಾಯಲ್ಲಿ ಇಟ್ಟು, ಆಮೇಲೆ ತೆಗೆದುಬಿಡುತ್ತಿದ್ದೆ. ಇಯರ್ ಬಡ್ಸ್ ಡಬ್ಬಿ ಕಸಕ್ಕೆ ಹೋಯಿತು.

ಆ್ಯಂಟಿಬಯಾಟಿಕ್ 10 ದಿನ ಬರೆದರು. ಎರಡು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಅಷ್ಟು ದಿನ. ಮೂರನೇ ದಿನವೇ ಮಗ ಹುಷಾರಾದ, ಆದರೂ ನಿಲ್ಲಿಸಲಿಲ್ಲ. ಮೂರನೇ ಸಲ ಅವನಿಗೆ ಒಂದೂವರೆ ವರ್ಷ. ಒಂದೇ ಕಿವಿ, ಜ್ವರವೂ ಕಡಿಮೆ. "ಈಗಲೇ ಆ್ಯಂಟಿಬಯಾಟಿಕ್ ಬೇಡ, ಎರಡು ದಿನ ನೋಡೋಣ, ನೋವಿಗೆ ಮಾತ್ರ ಕೊಡಿ, ಜಾಸ್ತಿಯಾದರೆ ತಕ್ಷಣ ಬನ್ನಿ" ಎಂದರು. ನನಗೆ ಭಯವಾಗಿತ್ತು. ಎರಡು ದಿನದಲ್ಲಿ ತಾನೇ ಇಳಿಯಿತು. ಆದರೆ ಇದು ಡಾಕ್ಟರ್ ಕಿವಿ ನೋಡಿ ಹೇಳಬೇಕಾದ ಮಾತು, ನಾವೇ ಮನೆಯಲ್ಲಿ ತೀರ್ಮಾನಿಸುವುದಲ್ಲ. ಆರು ತಿಂಗಳೊಳಗಿನ ಮಗುವಾದರಂತೂ ಕಾಯಲೇಬಾರದು. ಕಿವಿಯ ಹಿಂದಿನ ಮೂಳೆ ಊದಿ ಕೆಂಪಾಗಿ, ಕಿವಿ ಮುಂದಕ್ಕೆ ಬಾಗಿದಂತೆ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು.

ನೋವಿನ ಔಷಧದ ಬಗ್ಗೆ ಒಂದು ಮಾತು. ಪ್ಯಾರಸಿಟಮಾಲ್ ಕೊಡುವುದು ಮಗುವಿನ ತೂಕದ ಮೇಲೆ, ಒಂದು ಕಿಲೋಗೆ 15 ಮಿಲಿಗ್ರಾಂ. ನನ್ನ ಮಗ ಆಗ 10 ಕಿಲೋ, ಅಂದರೆ ಒಂದು ಸಲಕ್ಕೆ 150 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಆದರೆ ಬಾಟಲಿ ಬಾಟಲಿಗೆ ಶಕ್ತಿ ಬೇರೆ. 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ 3 ಎಂಎಲ್. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. ಒಮ್ಮೆ ಡ್ರಾಪ್ಸ್ ಮುಗಿದು ಸಿರಪ್ ತಂದಾಗ ಹಳೆಯ ಅಳತೆಯಲ್ಲೇ ಕೊಡಲು ಹೊರಟಿದ್ದೆ. ಈಗ ಬಾಟಲಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಎಂಎಲ್ ಬರೆದಿಡುತ್ತೇನೆ, ರಾತ್ರಿ ಯಾರು ಎದ್ದರೂ ತಪ್ಪಾಗಬಾರದಲ್ಲ.

ಮತ್ತೆ ಮತ್ತೆ ಯಾಕೆ ಬರುತ್ತಿದೆ ಅಂತ ಕೇಳಿದಾಗ ಡಾಕ್ಟರ್ ಮೊದಲು ಕೇಳಿದ್ದು ಬಾಟಲಿ ಹಾಲಿನ ಬಗ್ಗೆ. ನಾನು ಕೆಲಸಕ್ಕೆ ಮರಳಿದ ಮೇಲೆ ತೊಟ್ಟಿಲಲ್ಲಿ ಮಲಗಿಸಿಯೇ ಬಾಟಲಿ ಬಾಯಿಗಿಡುತ್ತಿದ್ದೆವು. ಮಲಗಿ ಕುಡಿದರೆ ಹಾಲು ಆ ಕೊಳವೆಯ ಕಡೆಗೆ ಹೋಗಬಹುದು. ತೊಡೆಯ ಮೇಲೆ ತಲೆ ಎತ್ತರಿಸಿ ಕುಡಿಸಲು ಶುರು ಮಾಡಿದೆವು, ಆಮೇಲೆ ಬಾಟಲಿ ಬಿಡಿಸಿ ಲೋಟಕ್ಕೆ ಬಂದೆವು. ಮಾವ ಜಗಲಿಯಲ್ಲಿ ಬೀಡಿ ಸೇದುವುದನ್ನು ಬಿಟ್ಟರು. ಮೊಮ್ಮಗನಿಗಾಗಿ ಬಿಟ್ಟದ್ದು, ಆ ಋಣ ನಾನು ಮರೆಯುವುದಿಲ್ಲ. ಸರಕಾರಿ ಲಸಿಕೆಯಲ್ಲಿ ಆರು ವಾರ, 14 ವಾರ, ಒಂಬತ್ತು ತಿಂಗಳಿಗೆ ಕೊಡುವ ಪಿಸಿವಿ, ಅಂದರೆ ನ್ಯುಮೋಕಾಕಸ್ ಎಂಬ ರೋಗಾಣುವಿನ ವಿರುದ್ಧದ ಲಸಿಕೆ, ಅವನಿಗೆ ಆಗಿತ್ತು. ಅದು ಎಲ್ಲ ಕಿವಿ ಸೋಂಕನ್ನೂ ತಡೆಯುವುದಿಲ್ಲ, ಆದರೂ ತಪ್ಪಿಸಬೇಡಿ.

ನನಗೆ ಎಲ್ಲಕ್ಕಿಂತ ತಡವಾಗಿ ಗೊತ್ತಾದದ್ದು ನೋವಿಲ್ಲದ ಭಾಗ. ಮೂರನೇ ಸೋಂಕು ಹೋಗಿ ಒಂದು ತಿಂಗಳಾಗಿತ್ತು. ಹಿಂದಿನಿಂದ ಕರೆದರೆ ಮಗ ತಿರುಗುತ್ತಿರಲಿಲ್ಲ. ತಟ್ಟೆ ಬಿದ್ದರೆ ತಿರುಗುತ್ತಿದ್ದ. ಟಿವಿಗೆ ತೀರಾ ಹತ್ತಿರ ಹೋಗಿ ನಿಲ್ಲುತ್ತಿದ್ದ. "ಗಂಡು ಮಕ್ಕಳು ಮಾತು ಕಲಿಯುವುದು ತಡ" ಎಂದು ಎಲ್ಲರೂ ಸಮಾಧಾನ ಹೇಳಿದರು. ಹುಟ್ಟಿದಾಗ ಕಿವಿಯ ಪರೀಕ್ಷೆಯಲ್ಲಿ ಪಾಸಾಗಿದ್ದ, ಹಾಗಾಗಿ ನಾನೂ ಸುಮ್ನೆ ಇದ್ದೆ. ಆ ಪರೀಕ್ಷೆ ಹೇಳುವುದು ಆ ದಿನದ ಮಟ್ಟಿಗೆ ಮಾತ್ರ ಅಂತ ಗೊತ್ತಿರಲಿಲ್ಲ.

ಇಎನ್‌ಟಿ ಡಾಕ್ಟರ್ ಟಿಂಪನೋಮೆಟ್ರಿ ಮಾಡಿಸಿದರು. ಕಿವಿಗೆ ಒಂದು ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಬದಲಿಸುತ್ತಾರೆ, ನೋವಿಲ್ಲ, ಕೆಲವೇ ಸೆಕೆಂಡಿನ ಕೆಲಸ. ತಮಟೆ ಸರಿಯಾಗಿ ಅಲುಗಿದರೆ ಗುಡ್ಡದ ಹಾಗೆ ಗೆರೆ ಬರಬೇಕು. ಇವನದ್ದು ಎರಡೂ ಕಿವಿಯಲ್ಲಿ ಚಪ್ಪಟೆ. ಸೋಂಕು ಹೋಗಿತ್ತು, ನೀರು ಹಾಗೇ ಉಳಿದಿತ್ತು. ನೀರಿನೊಳಗೆ ಮುಳುಗಿ ಕೇಳಿದ ಹಾಗೆ ನಮ್ಮ ಮಾತು ಅವನಿಗೆ ಕೇಳುತ್ತಿತ್ತು.

ಹೆಚ್ಚಿನ ಮಕ್ಕಳಿಗೆ ಮೂರು ತಿಂಗಳಲ್ಲಿ ಆ ನೀರು ತಾನೇ ಆರುತ್ತದೆ, ಆರದಿದ್ದರೆ ತಮಟೆಗೆ ಗ್ರೊಮೆಟ್ ಎಂಬ ಸಣ್ಣ ಕೊಳವೆ ಹಾಕುವುದನ್ನು ಯೋಚಿಸೋಣ ಎಂದರು. ಆ ಮೂರು ತಿಂಗಳು ನಾವು ಮಾಡಿದ್ದು ಇಷ್ಟೇ. ಟಿವಿ, ಮಿಕ್ಸಿ ನಿಲ್ಲಿಸಿ ಮಾತಾಡಿದೆವು. ಅವನ ಎದುರು ಕೂತು, ಮುಖ ಕಾಣುವ ಹಾಗೆ, ನಿಧಾನಕ್ಕೆ. ಅಜ್ಜಿ ದಿನಾ ಸಂಜೆ ತೊಡೆಯ ಮೇಲೆ ಕೂರಿಸಿ ಒಂದೊಂದೇ ಹೆಸರು ಹೇಳಿಸುತ್ತಿದ್ದರು. ಕಾಗೆ, ದನ, ಬಸ್ಸು. ಎರಡನೇ ಪರೀಕ್ಷೆಯಲ್ಲಿ ಒಂದು ಕಿವಿಯ ಗೆರೆ ಎದ್ದಿತ್ತು, ಇನ್ನೊಂದರದ್ದು ಅರ್ಧ. ಮತ್ತೆ ಆರು ವಾರ ಬಿಟ್ಟು ಎರಡೂ ಸರಿ. ಗ್ರೊಮೆಟ್ ಬೇಕಾಗಲಿಲ್ಲ. ಕೆಲವು ಮಕ್ಕಳಿಗೆ ಬೇಕಾಗುತ್ತದೆ, ಅದರಲ್ಲಿ ಹೆದರುವಂಥದ್ದೇನೂ ಇಲ್ಲ ಎಂದೂ ಅವರೇ ಹೇಳಿದ್ದರು.

ಈಗ ಅವನಿಗೆ ಮೂರೂವರೆ, ಅಂಗನವಾಡಿಗೆ ಹೋಗುತ್ತಾನೆ. ಶೀತ ಬರುತ್ತಲೇ ಇರುತ್ತದೆ. ಶೀತ ಬಿಟ್ಟು ಎರಡು ವಾರವಾದ ಮೇಲೆ ಅವನು ಆಟದಲ್ಲಿ ಮುಳುಗಿರುವಾಗ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯುತ್ತೇನೆ. ಎರಡು ಸಲ ಕರೆದರೂ ತಿರುಗದಿದ್ದರೆ ಮರುದಿನವೇ ಡಾಕ್ಟರ್ ಹತ್ತಿರ.