ಡಾಂಬರು ಕೆಲಸಕ್ಕೆ ಹೊಸದಾಗಿ ಸೇರ್ತಿದ್ದೀರಾ? ಮೊದಲು ಬಿಸಿ ಗುರುತಿಸೋದು ಕಲೀರಿ

ರಸ್ತೆಗೆ ಡಾಂಬರು ಹಾಕೋ ಗ್ಯಾಂಗಿಗೆ ಹೊಸಬರು ಬಂದ್ರೆ ಅವರ ಕಣ್ಣು ರೋಲರ್ ಮೇಲೇ ಇರುತ್ತೆ, ಯಾವಾಗ ಹತ್ತಿ ಕೂರ್ತೀನೋ ಅಂತ. ಆದ್ರೆ ಈ ಕೆಲಸದಲ್ಲಿ ಮೊದಲು ಕಲೀಬೇಕಾಗಿರೋದು ಬಿಸಿ. ಪ್ಲಾಂಟಲ್ಲಿ ಸುಮಾರು 150–160 ಡಿಗ್ರಿ ಸೆಲ್ಸಿಯಸ್ಸಲ್ಲಿ ಕಲಸಿದ ಮಿಕ್ಸ್, ಅಂದ್ರೆ ಜಲ್ಲಿ-ಟಾರಿನ ಮಿಶ್ರಣ, ಟಿಪ್ಪರಿಗೆ ಬಿದ್ದ ಕ್ಷಣದಿಂದ್ಲೇ ಆರೋಕೆ ಶುರು, ಮಾಮೂಲಿ ಮಿಕ್ಸ್ ಆದ್ರೆ ಅದು 90 ಡಿಗ್ರಿ ಹತ್ರ ಇಳಿಯೋದ್ರೊಳಗೆ ಮುಖ್ಯವಾದ ರೋಲಿಂಗ್ ಎಲ್ಲಾ ಮುಗಿದಿರಬೇಕು, ಆಮೇಲೆ ಎಷ್ಟು ಉರುಳಿಸಿದ್ರೂ ಸರಿಯಾಗಿ ಒತ್ಕೊಳ್ಳಲ್ಲ, ಒಳಗೆ ಸಂದಿ ಉಳಿಯುತ್ತೆ, ಅಲ್ಲಿಗೆ ನೀರು ಇಳಿದು ಜಲ್ಲಿ ಬಿಟ್ಕೊಳ್ಳುತ್ತೆ. ಎಷ್ಟೋ ಗುಂಡಿಗಳು ಹುಟ್ಟೋದೇ ಹೀಗೆ.

ಹಂತ 1: ಮೈ ಮುಚ್ಕೊಳ್ಳಿ

ಬಿಸಿಲು ಅಂತ ತೋಳು ಮಡಚಬೇಡಿ. ದಪ್ಪ ಹತ್ತಿ ಬಟ್ಟೆಯ ಫುಲ್ ತೋಳಿನ ಶರ್ಟು, ಗ್ಲೌಸು, ಬಿಸಿ ತಡೆಯೋ ಬೂಟು, ಹೊಳೆಯೋ ಜಾಕೆಟ್ಟು ಬೇಕೇ ಬೇಕು. ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತೆ, ಅದು ಬೇಡ. ಪ್ಯಾಂಟು ಬೂಟಿನ ಹೊರಗೆ ಇಳಿಬಿಡಿ, ಒಳಗೆ ತುರುಕಿದ್ರೆ ಬಿಸಿ ಮಿಕ್ಸ್ ಸೀದಾ ಬೂಟಿನೊಳಗೇ ಬೀಳುತ್ತೆ.

ಬಿಸಿ ಟಾರು ಮೈಗೆ ಅಂಟಿತು ಅಂದ್ರೆ ಕಿತ್ತು ತೆಗೆಯೋಕೆ ಹೋಗ್ಲೇಬೇಡಿ, ಚರ್ಮಾನೂ ಜೊತೇಲೇ ಬರುತ್ತೆ. ಕನಿಷ್ಠ 20 ನಿಮಿಷ ತಣ್ಣೀರು ಹರಿಸ್ತಾ ಇರಿ, ಆಮೇಲೆ ಸೀದಾ ಡಾಕ್ಟರ್ ಹತ್ರ. ಸೀಮೆಎಣ್ಣೆ, ಡೀಸೆಲ್ ಹಚ್ಚಿ ಉಜ್ಜೋದು ದೊಡ್ಡ ತಪ್ಪು. ಇನ್ನೊಂದು, ಕಾದ ಟಾರಿನ ಡ್ರಮ್ಮಿಗೆ ಒಂದು ಲೋಟ ನೀರು ಬಿದ್ರೂ ಅದು ಆವಿಯಾಗಿ ನೊರೆ ಉಕ್ಕಿ ಹೊರಗೆ ಚಿಮ್ಮುತ್ತೆ.

ಹಂತ 2: ಎಲ್ಲಿ ನಿಲ್ಲಬಾರದು ಅನ್ನೋದು

ರಿವರ್ಸ್ ಬರೋ ಟಿಪ್ಪರ್, ಹಿಂದೆ ಮುಂದೆ ಓಡಾಡೋ ರೋಲರ್, ಇವೆರಡರ ಡ್ರೈವರಿಗೆ ಗಾಡಿಗೆ ತೀರಾ ಹತ್ರ ಇರೋ ಜನ ಕಾಣಲ್ಲ. ಡ್ರೈವರ್ ಕಣ್ಣು ನಿಮಗೆ ಕಾಣ್ತಿಲ್ಲ ಅಂದ್ರೆ ಅವರಿಗೂ ನೀವು ಕಾಣ್ತಿಲ್ಲ ಅಂತ್ಲೇ ತಿಳ್ಕೊಳ್ಳಿ. ನಿಂತ ಗಾಡಿ ನೆರಳಲ್ಲಿ ಊಟಕ್ಕೆ ಕೂರೋ ಅಭ್ಯಾಸ ಮೊದಲನೇ ದಿನದಿಂದ್ಲೇ ಬಿಡಿ. ಟಿಪ್ಪರ್ ಡಬ್ಬ ಎತ್ತುವಾಗ ಮೇಲೆ ಕರೆಂಟ್ ವೈರ್ ಇದ್ಯಾ ನೋಡಿ.

ಹಂತ 3: ನೆಲ ಗುಡಿಸಿ, ಟ್ಯಾಕ್ ಕೋಟ್

ಧೂಳಿನ ಮೇಲೆ ಡಾಂಬರು ಕಚ್ಚಲ್ಲ. ಗುಡಿಸಿ, ಎಮಲ್ಷನ್ (ನೀರಲ್ಲಿ ಬೆರೆಸಿದ ಟಾರು) ತೆಳ್ಳಗೆ ಸಮನಾಗಿ ಸಿಂಪಡಿಸ್ತಾರೆ, ಹೊಸ ಪದರ ಕೆಳಗಿನದಕ್ಕೆ ಅಂಟೋಕೆ ಹಾಕೋ ಇದೇ ಟ್ಯಾಕ್ ಕೋಟ್. ಹಾಕಿದಾಗ ಕಂದು, ನೀರು ಬಿಟ್ಟಮೇಲೆ ಕಪ್ಪು. ಕಪ್ಪಾಗೋವರೆಗೂ ಕಾಯಿರಿ.

ಹಂತ 4: ರೇಕ್ ಹಿಡಿಯೋದು

ಹೊಸಬರ ಕೈಗೆ ಸಾಮಾನ್ಯವಾಗಿ ಮೊದಲು ಸಿಗೋದು ರೇಕು (ಮಿಕ್ಸ್ ಹರಡೋ ಹಲ್ಲುಗೋಲು), ಸಲಿಕೆ, ಇದನ್ನ ಸಣ್ಣ ಕೆಲಸ ಅಂದ್ಕೋಬೇಡಿ, ನನ್ನ ಪ್ರಕಾರ ರಸ್ತೆ ಅಂಚು ಎಷ್ಟು ವರ್ಷ ಬಾಳುತ್ತೆ ಅನ್ನೋದು ಈ ಕೈಗಳಲ್ಲೇ ಇದೆ. ಸಲಿಕೆಯಿಂದ ಮಿಕ್ಸ್ ದೂರಕ್ಕೆ ಎರಚಿದ್ರೆ ದಪ್ಪ ಜಲ್ಲಿ ಒಂದು ಕಡೆ, ಪುಡಿ ಒಂದು ಕಡೆ ಆಗುತ್ತೆ. ಅದಕ್ಕೇ ಬೇಕಾದ ಜಾಗದ ಪಕ್ಕದಲ್ಲೇ ಸಲಿಕೆ ಮಗುಚಿ, ರೇಕಿನ ಬೆನ್ನಿಂದ ಮೆಲ್ಲಗೆ ಹರಡಿ. ಪೇವರ್ (ಮಿಕ್ಸ್ ಹಾಸೋ ಯಂತ್ರ) ಚೆನ್ನಾಗಿ ಹಾಸಿದ ಜಾಗಾನ ಸುಮ್ಸುಮ್ನೆ ಕೆರೆಯಬೇಡಿ, ಪೇವರ್ ಹಾಸಿದಷ್ಟು ಸಮ ಕೈಯಲ್ಲಿ ಬರಲ್ಲ.

ದಪ್ಪದ ಲೆಕ್ಕಾನೂ ತಲೇಲಿ ಇರ್ಲಿ. ಮಿಕ್ಸ್ ರೋಲರ್ ಕೆಳಗೆ ಕುಗ್ಗುತ್ತೆ, ಅಂದಾಜು ಕಾಲು ಭಾಗ ಜಾಸ್ತಿ ಹಾಕ್ಬೇಕು, ಅಂದ್ರೆ ಕೊನೆಗೆ 40 ಮಿಲಿಮೀಟರ್ ಬೇಕಿದ್ರೆ ಹಾಸುವಾಗ ಹತ್ರ ಹತ್ರ 50.

ರೇಕಿಗೆ ಟಾರು ಅಂಟಿದ್ರೆ ಡೀಸೆಲ್‌ನಲ್ಲಿ ಅದ್ದೋರು ಬಹಳ ಜನ ಇದ್ದಾರೆ, ದಯವಿಟ್ಟು ಕಲೀಬೇಡಿ, ಆ ಡೀಸೆಲ್ ತೊಟ್ಟಿಕ್ಕಿದ ಕಡೆ ಟಾರು ಕರಗಿ ಮೆತ್ತಗಾಗುತ್ತೆ. ಅಂಟದೇ ಇರೋಕೆ ಅಂತಾನೇ ಬೇರೆ ದ್ರಾವಣ ಸಿಗುತ್ತೆ.

ಹಂತ 5: ರೋಲರ್ ನೋಡಿ ಕಲಿಯೋದು

ಓಡಿಸೋದು ತರಬೇತಿ ಆಗಿ ಒಪ್ಪಿಗೆ ಸಿಕ್ಕಮೇಲೆ. ಅಲ್ಲಿವರೆಗೆ ಒಳ್ಳೆ ಆಪರೇಟರ್ ಏನ್ ಮಾಡ್ತಾರೆ ಗಮನಿಸಿ: ತಗ್ಗಿನ ಅಂಚಿಂದ ಎತ್ತರದ ಕಡೆಗೆ ಬರ್ತಾರೆ, ಪ್ರತಿ ಸಲ ಹಿಂದಿನ ಪಟ್ಟಿ ಮೇಲೆ ಸ್ವಲ್ಪ ಏರಿಸ್ತಾರೆ, ಡ್ರಮ್ ಒದ್ದೆ ಇಟ್ಕೊಂಡಿರ್ತಾರೆ, ಬಿಸಿ ಡಾಂಬರಿನ ಮೇಲೆ ಗಾಡಿ ನಿಲ್ಲಿಸಲ್ಲ.

ಹಂತ 6: ಕಣ್ಣಿಗೆ ಕೆಲಸ ಕೊಡಿ

ಲೋಡ್ ಬಂದಾಗ ಮೇಸ್ತ್ರಿ ಥರ್ಮಾಮೀಟರ್ ಚುಚ್ಚೋಕೆ ಮುಂಚೆ ನೀವು ನೋಡಿ ಒಂದು ಅಂದಾಜು ಮನಸಲ್ಲೇ ಹೇಳ್ಕೊಳ್ಳಿ, ಆಮೇಲೆ ಅಳತೆ ಜೊತೆ ಹೋಲಿಸಿ. ನೀಲಿ ಹೊಗೆ ಬಂದ್ರೆ ಅತಿಯಾಗಿ ಕಾದಿದೆ. ಗಟ್ಟಿ ಗಟ್ಟಿ ಉಂಡೆ, ಜಲ್ಲಿ ಮೇಲೆ ಟಾರು ಸರಿಯಾಗಿ ಹತ್ತಿಲ್ಲ ಅಂದ್ರೆ ಬಹುಶಃ ಆರಿದೆ. ಪಳಪಳ ಹೊಳೀತಾ ಟಿಪ್ಪರಲ್ಲಿ ಗುಡ್ಡೆ ನಿಲ್ದೆ ಚಪ್ಪಟೆ ಆಗಿದ್ರೆ ಟಾರು ಜಾಸ್ತಿ ಆಗಿರಬಹುದು. ಅನುಮಾನ ಬಂದ್ರೆ ಪೇವರಿಗೆ ಸುರಿಯೋ ಮುಂಚೇನೇ ಮೇಸ್ತ್ರಿಗೆ ಹೇಳ್ಬಿಡಿ, ಹೊಸಬ ನಾನು ಹೇಗಪ್ಪಾ ಬಾಯಿ ಬಿಡ್ಲಿ ಅಂತ ಸುಮ್ನೆ ನಿಂತ್ರೆ ಆ ಲೋಡ್ ರಸ್ತೆಗೆ ಬಿದ್ದೋಗುತ್ತೆ, ಆಮೇಲೆ ಕಿತ್ತು ತೆಗೆಯೋದೂ ನಿಮ್ಮ ಗ್ಯಾಂಗೇ.